ಕೋಳಿಗೂಡಿಗೆ ಮುಚ್ಚಿಗೆ ಹಾಕಿದ ತಪ್ಪಿಗೆ

ಮಾನ್ಯರೇ,

ಕರೆಂಟು ಕಡಿಮೆ ಉರಿಸಿದ್ದಕ್ಕೆ ನೀವು ನನ್ನ ಮೇಲೆ ಕ್ರಮ ಕೈಗೊಂಡಿದ್ದೀರಿ. ಓದುವವರಿಗೆ ಇದು ಬರೆದವಳ ಕೈತಪ್ಪು ಎನಿಸಬಹುದು, ಆದ್ದರಿಂದ ಇನ್ನೊಮ್ಮೆ ಬರೆಯುತ್ತೇನೆ. ಹೆಚ್ಚು ಉರಿಸಿದ್ದಕ್ಕಲ್ಲ, ಕದ್ದದ್ದಕ್ಕಲ್ಲ, ಬಿಲ್ಲು ಕಟ್ಟದೆ ಉಳಿದದ್ದಕ್ಕೂ ಅಲ್ಲ, ಕಡಿಮೆ ಉರಿಸಿದ್ದಕ್ಕೆ. ನಮ್ಮ ಕೋಳಿ ಶೆಡ್ಡಿನ ತಗಡಿನ ಮಾಡಿನ ಕೆಳಗೆ ನಾವು ಹಾಕಿದ ಮುಚ್ಚಿಗೆಯನ್ನು ಬರುವ ಸೋಮವಾರದೊಳಗೆ ಪೂರ್ತಿ ಬಿಚ್ಚಬೇಕು. ಒಂದು ಬಿಲ್ಲಿನ ಅವಧಿ ಮುಗಿಯುವವರೆಗೆ ಅದಿಲ್ಲದೆ ಕೋಳಿ ಸಾಕಬೇಕು. ಆಗ ಮೀಟರು ಹಿಂದಿನಷ್ಟು ಓಡಿದರೆ ನಮ್ಮನ್ನು ಪ್ರಾಮಾಣಿಕರೆಂದು ನಂಬುತ್ತೀರಿ, ಇಲ್ಲವಾದರೆ ಸಂಪರ್ಕ ಕಡಿಯುತ್ತೀರಿ. ಇದು ನೀವು ಸಹಿ ಹಾಕಿದ, ನಿಮ್ಮ ವಿದ್ಯುತ್ ಕಚೇರಿಯ ಆದೇಶ. ಮಲಯಾಳದಲ್ಲಿ ಬಂದಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ಗಡಿನಾಡಿನ ಕನ್ನಡತಿಯಾದ ನನಗಿದೆ, ಆದರೆ ಕೇಳಲಿಲ್ಲ. ಯಾವ ಭಾಷೆಯಲ್ಲಿ ಕೊಟ್ಟರೂ ಈ ಆದೇಶ ನನಗೆ ಅರ್ಥವಾಗುತ್ತಿರಲಿಲ್ಲ.

ನಿಮ್ಮ ಕಚೇರಿಗೆ ನಾನು ಉತ್ತರ ಕೊಟ್ಟಾಗಿದೆ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಾಗಿದೆ, ಮೇಜಿನಿಂದ ಮೇಜಿಗೆ ನಡೆದೂ ಆಗಿದೆ. ಇನ್ನು ಊರಿನವರ ಎದುರಿಗೇ ಮಾತಾಡೋಣ ಎಂದು ಈ ಪತ್ರ ಬರೆಯುತ್ತಿದ್ದೇನೆ. ಒಂದು ಕಡೆ ಕೂತು ಬರೆಯುತ್ತಿಲ್ಲ. ಒಂದು ವಾಕ್ಯ ಬರೆದು ಶೆಡ್ಡಿಗೆ ಹೋಗಿ ಮರಿ ನೋಡಿ ಬರುತ್ತೇನೆ, ಇನ್ನೊಂದು ವಾಕ್ಯ ಬರೆಯುವಷ್ಟರಲ್ಲಿ ರಸ್ತೆಯಲ್ಲಿ ಜೀಪಿನ ಸದ್ದು ಕೇಳುತ್ತದೆ, ನಿಮ್ಮವರೇ ಬಂದರೋ ಎಂದು ಎದ್ದು ಗೇಟಿನವರೆಗೆ ಹೋಗುತ್ತೇನೆ. ಸೀತಾಂಗೋಳಿಯಿಂದ ಬದಿಯಡ್ಕದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಶೆಡ್ಡು ಇರುವುದು. ಆ ರಸ್ತೆಯಲ್ಲಿ ಜೀಪುಗಳಿಗೆ ಬರಗಾಲವಿಲ್ಲ. ಹಾಗಾಗಿ ಅಕ್ಷರ ಓರೆಯಾಗಿದ್ದರೆ, ಹೇಳಿದ್ದನ್ನೇ ಎರಡು ಸಲ ಹೇಳಿದ್ದರೆ, ದಯವಿಟ್ಟು ಅದನ್ನೂ, ನಮ್ಮ ಯೂನಿಟ್ಟಿನ ಬಗ್ಗೆ ಆದೇಶದಲ್ಲಿ ಬರೆದ ಹಾಗೆ, ಒಂದು ಅಸಹಜ ಇಳಿಕೆ ಎಂದು ದಾಖಲಿಸಿಕೊಳ್ಳಬೇಡಿ.

ಮೊದಲು ಮುಚ್ಚಿಗೆಯ ಕಥೆ. ಕಂಪೆನಿಯವರು ಒಂದು ದಿನದ ಮರಿಗಳನ್ನೂ ಆಹಾರವನ್ನೂ ತಂದು ಕೊಡುತ್ತಾರೆ. ಸಾಕಿ ದೊಡ್ಡದು ಮಾಡಿ ಲಾರಿ ಹತ್ತಿಸುವುದು ನಮ್ಮ ಕೆಲಸ. ಜಾಗ ನಮ್ಮದು, ನೀರು ನಮ್ಮದು, ಕರೆಂಟೂ ನಮ್ಮದೇ. ಮಳೆಗಾಲದಲ್ಲಿ ಬರುವ ಮರಿಗೆ ಮೊದಲ ಕೆಲವು ದಿನ ತಾಯಿಯ ರೆಕ್ಕೆಯ ಬದಲು ಬಲ್ಬು ಬೇಕು. ನಮ್ಮ ಕಡೆ ಮಳೆ ಹಿಡಿದರೆ ತಗಡು ತಣ್ಣಗಾಗಿ ಒಳಗಿನಿಂದಲೂ ಬೆವರುತ್ತದೆ. ಕೆಳಗೆ ಬಲ್ಬು ಉರಿಸಿದ ಬಿಸಿ ಮರಿಗೆ ಸಿಗುವ ಮೊದಲೇ ಮೇಲೆ ಏರಿ ಹೋಗುತ್ತದೆ. ಕರೆಂಟು ಹೋದಾಗ ಕಬ್ಬಿಣದ ಡ್ರಮ್ಮಿನಲ್ಲಿ ತೆಂಗಿನ ಗೆರಟೆಯ ಇದ್ದಲು ಉರಿಸಬೇಕು. ಅದರ ಹೊಗೆಯಲ್ಲಿ ನನ್ನ ಅತ್ತೆ ದಮಯಂತಿ ಕೆಮ್ಮುತ್ತಾ ಓಡಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಬೇಸಿಗೆಯಲ್ಲಿ ಅದೇ ತಗಡು ಕಾದ ಕಾವಲಿ. ಫ್ಯಾನ್ ತಿರುಗಬೇಕು, ಮಾಡಿನ ಮೇಲೆ ನೀರು ಹಾಯಿಸಬೇಕು, ಪಂಪು ಓಡಬೇಕು. ಹೀಗೆ ವರ್ಷವಿಡೀ ನಾವು ಮರಿಗಳನ್ನು ಬಿಸಿ ಮಾಡಿದ್ದಕ್ಕಿಂತ, ತಂಪು ಮಾಡಿದ್ದಕ್ಕಿಂತ ಹೆಚ್ಚಾಗಿ ಸೀತಾಂಗೋಳಿಯ ಆಕಾಶವನ್ನು ಬಿಸಿ ತಂಪು ಮಾಡುತ್ತಿದ್ದೆವು. ಆಗ ನಿಮಗೆ ನಮ್ಮ ಮೇಲೆ ಯಾವ ಸಂಶಯವೂ ಇರಲಿಲ್ಲ.

ನನ್ನ ಗಂಡ ಪ್ರವೀತ್ ಶಾರ್ಜಾದಲ್ಲಿದ್ದಾರೆ. ದೊಡ್ಡ ಕಟ್ಟಡಗಳಿಗೆ ತಂಪು ಗಾಳಿ ಸಾಗಿಸುವ ಕೊಳವೆಗಳಿಗೆ ಹೊದಿಕೆ ಸುತ್ತುವುದು ಅವರ ಕೆಲಸ. ಬೇರೆಯವರು ತಂಪಾಗಿ ಕೂರಲೆಂದು ಇಡೀ ದಿನ ಸೆಕೆಯಲ್ಲಿ ನಿಂತು ಕೊಳವೆಗೆ ಅಂಗಿ ತೊಡಿಸುವ ಕೆಲಸ ಎಂದು ಅವರೇ ತಮಾಷೆ ಮಾಡುತ್ತಾರೆ. ರಜೆಯಲ್ಲಿ ಬಂದವರು ಶೆಡ್ಡಿನೊಳಗೆ ನಿಂತು ಮಾಡನ್ನು ನೋಡಿ, "ಅಲ್ಲಿ ಒಂದು ಪೈಪನ್ನು ಹೀಗೆ ಬರಿಮೈಯಲ್ಲಿ ಬಿಟ್ಟರೆ ನನ್ನನ್ನು ಕೆಲಸದಿಂದ ತೆಗೀತಾರೆ. ಇಲ್ಲಿ ನಾವು ಇಡೀ ಮಾಡನ್ನೇ ಬರಿಮೈಯಲ್ಲಿ ಬಿಟ್ಟಿದ್ದೇವಲ್ಲ ಮಾರಾಯ್ತಿ" ಎಂದರು. ಅತ್ತೆಗೆ ತವರಿನ ಹಳೆಯ ಮನೆಯ ನೆನಪಾಯಿತು. "ನಮ್ಮ ಚಾವಡಿಗೆ ಮುಚ್ಚಿಗೆ ಇತ್ತು. ಹಲಗೆ, ಅದರ ಮೇಲೆ ಮಣ್ಣು. ಬೇಸಿಗೆಯಲ್ಲಿ ಮಧ್ಯಾಹ್ನ ಮಲಗಿದರೆ ಬೀಸಣಿಗೆ ಬೇಡ" ಎಂದರು. ಮುಚ್ಚಿಗೆ ಎಂದರೆ ಏನೆಂದು ನಿಮ್ಮ ಪರಿಶೀಲನಾ ತಂಡದವರು ಕೇಳಿದ್ದರಂತೆ. ಮಾಡಿಗೂ ಮನುಷ್ಯನಿಗೂ ನಡುವೆ ಹಾಕುವ ಇನ್ನೊಂದು ಹೊದಿಕೆ, ಅಷ್ಟೆ.

ಹಲಗೆ ಹಾಕಿಸುವ ಶಕ್ತಿ ನಮಗಿರಲಿಲ್ಲ, ತಗಡಿನ ಶೆಡ್ಡು ಮಣ್ಣಿನ ಭಾರವನ್ನೂ ಹೊರುವಂತಿರಲಿಲ್ಲ. ಅಡಿಕೆ ಮರ ಸೀಳಿದ ಸಲಾಕೆಗಳನ್ನು ಅಡ್ಡ ಕಟ್ಟಿದೆವು. ಸೀತಾಂಗೋಳಿಯಲ್ಲಿ ಹಾಳೆಯ ತಟ್ಟೆ ಮಾಡುವ ಘಟಕದವರು ಹರಿದಿದೆ ಎಂದು ಬದಿಗೆ ಹಾಕಿದ್ದ ಅಡಿಕೆ ಹಾಳೆಗಳನ್ನು ತಂದು, ನೆನೆಸಿ, ಮೇಲೆ ಕಲ್ಲು ಹೇರಿ ಚಪ್ಪಟೆ ಮಾಡಿ, ಸಲಾಕೆಯ ಮೇಲೆ ಹಾಸಿದೆವು. ಕೋಳಿ ಆಹಾರದ ಖಾಲಿ ಚೀಲಗಳಿಗೆ ಅಕ್ಕಿ ಮಿಲ್ಲಿನ ಉಮಿಯನ್ನೂ ಸ್ವಲ್ಪ ಸುಣ್ಣವನ್ನೂ ತುಂಬಿ, ತಲೆದಿಂಬಿನ ಹಾಗೆ ಹೊಲಿದು ಅದರ ಮೇಲೆ ಜೋಡಿಸಿದೆವು. ಹೊಲಿದವರು ಅತ್ತೆ. ಪ್ರವೀತ್ ಶಾರ್ಜಾಕ್ಕೆ ಮರಳಿದ ಮೇಲೂ ಫೋನಿನಲ್ಲಿ ನೋಡುತ್ತಾ, "ಆ ಮೂಲೆ ತೋರಿಸು, ಎರಡು ಚೀಲದ ನಡುವೆ ಬೆರಳು ಹೋಗ್ತದಾ ನೋಡು. ಸಂದು ಬಿಟ್ಟರೆ ಎಂತ ಪ್ರಯೋಜನವೂ ಇಲ್ಲ" ಎಂದು ಜೀವ ತಿಂದರು. ಕೆಟ್ಟ ಗಾಳಿ ಹೊರಹೋಗಲು ಗೋಡೆಯ ಮೇಲ್ಭಾಗದಲ್ಲಿ ಜಾಗ ಬಿಟ್ಟೆವು, ವಯರುಗಳನ್ನೆಲ್ಲ ಪೈಪಿನೊಳಗೆ ಹಾಕಿ ಚೀಲಗಳಿಂದ ದೂರ ಇಟ್ಟೆವು. ಇದಿಷ್ಟೇ ನಮ್ಮ ಅಪರಾಧದ ಒಳಸಂಚು.

ಮರಿ ಸಾಕುವವರು ಥರ್ಮಾಮೀಟರು ನೋಡುವ ಮೊದಲು ನೆಲ ನೋಡುತ್ತಾರೆ. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಚಳಿ. ಬಲ್ಬಿನಿಂದ ದೂರ ಓಡಿ ಬಾಯಿ ತೆರೆದುಕೊಂಡಿದ್ದರೆ ಸೆಕೆ. ನೆಲದ ತುಂಬ ಸಮನಾಗಿ ಹರಡಿಕೊಂಡು, ಕೆಲವು ತಿನ್ನುತ್ತಾ, ಕೆಲವು ಕಾಲು ಚಾಚಿ ಮಲಗಿ, ಸಣ್ಣಗೆ ಗಿಜಿಗುಟ್ಟುತ್ತಿದ್ದರೆ ಹಿತವಾಗಿವೆ ಎಂದು ಅರ್ಥ. ಮುಚ್ಚಿಗೆಯ ಕೆಳಗೆ ಬಂದ ಮೊದಲ ತಂಡದ ಮರಿಗಳು ಜೋರು ಮಳೆಯಲ್ಲೂ ಹಾಗೆ ಹರಡಿಕೊಂಡದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಅರ್ಧದಷ್ಟು ಬಲ್ಬು ತೆಗೆದೆವು. ಇದ್ದಲಿನ ಚೀಲ ಬಿಚ್ಚಲೇ ಇಲ್ಲ. ಬೇಸಿಗೆಯಲ್ಲಿ ಫ್ಯಾನು ಮಧ್ಯಾಹ್ನಕ್ಕೆ ಮಾತ್ರ, ಮಾಡಿಗೆ ನೀರು ಹಾಯಿಸುವುದು ನಿಂತೇ ಹೋಯಿತು. ಅತ್ತೆಯ ಕೆಮ್ಮು ಕಡಿಮೆಯಾಯಿತು. ಅದನ್ನು ನಾನು ಹೇಳಿದರೆ ಅವರು ಒಪ್ಪುವುದಿಲ್ಲ, ಅದಕ್ಕೆ ಬೇರೆ ಕಾರಣ ಉಂಟು, ಮುಂದೆ ಹೇಳುತ್ತೇನೆ.

ಬಿಲ್ಲು ಇಳಿಯಿತು. ರೀಡಿಂಗ್ ತೆಗೆಯಲು ಬರುವ ರೋಶನ್ ಮೀಟರನ್ನು ತಟ್ಟಿ ನೋಡಿ, "ಅಕ್ಕ, ಇದು ನಿದ್ದೆ ಮಾಡ್ತಾ ಉಂಟಾ ಎಂತ?" ಎಂದು ಕೇಳಿದ. ನಾನು ಹೆಮ್ಮೆಯಿಂದ ಅವನನ್ನು ಒಳಗೆ ಕರೆದು ಮುಚ್ಚಿಗೆ ತೋರಿಸಿದೆ. ಅವನು ತಲೆ ಎತ್ತಿ ಮೂಲೆಯಿಂದ ಮೂಲೆಗೆ ನೋಡಿ, "ನಮ್ಮ ಮನೆಗಿಂತ ಇಲ್ಲಿ ಹಿತ ಉಂಟು" ಎಂದ. ಹೊರಗೆ ಬಂದು ತಲೆ ಕೆರೆದುಕೊಂಡ. "ಆದರೆ ಅಕ್ಕ, ಇಷ್ಟು ಇಳಿದರೆ ಕಂಪ್ಯೂಟರಿನಲ್ಲಿ ಕೆಂಪು ತೋರಿಸ್ತದೆ. ಏರಿದರೆ ತೊಂದರೆ ಇಲ್ಲ, ಇಳಿದರೆ ತೋರಿಸ್ತದೆ. ನಾನು ಎಂತ ಮಾಡುವುದು ಹೇಳಿ." ನಾನು ನಕ್ಕುಬಿಟ್ಟೆ. ಕೆಂಪು ತೋರಿಸಿದರೆ ಯಾರಾದರೂ ಬರುತ್ತಾರೆ, ಬಂದರೆ ಮುಚ್ಚಿಗೆ ನೋಡುತ್ತಾರೆ, ನೋಡಿದರೆ ಮೆಚ್ಚಿಕೊಂಡು ಹೋಗುತ್ತಾರೆ ಎಂದುಕೊಂಡೆ. ನಿಮ್ಮದೇ ಕಚೇರಿಯವರು ಕಳೆದ ವರ್ಷ ಸೀತಾಂಗೋಳಿ ಪೇಟೆಯಲ್ಲಿ ಹಂಚಿದ ಕರಪತ್ರದಲ್ಲಿ, ನಾವು ಉಳಿಸುವ ಒಂದೊಂದು ಯೂನಿಟ್ಟಿಗೂ ಎಲ್ಲೋ ಅಷ್ಟು ಕಲ್ಲಿದ್ದಲು ಸುಡುವುದು ತಪ್ಪುತ್ತದೆ, ಅಷ್ಟು ಹೊಗೆ ಆಕಾಶಕ್ಕೆ ಸೇರುವುದು ತಪ್ಪುತ್ತದೆ ಎಂದು ಬರೆದಿತ್ತು. ನಾನು ಅದನ್ನು ನಂಬಿದ್ದೆ.

ನಿಮ್ಮ ತಂಡ ಬಂದದ್ದು ಜೂನ್ ತಿಂಗಳ ಕೊನೆಗೆ, ಮಳೆ ಹೊಡೆಯುತ್ತಿದ್ದ ಬೆಳಿಗ್ಗೆ. ಹೊಸ ಮರಿಗಳು ಬಂದು ಮೂರ್ನಾಲ್ಕು ದಿನವಾಗಿತ್ತಷ್ಟೆ. ನಾನು ಮರಿಗಳ ಔಷಧಿ ತರಲು ಬದಿಯಡ್ಕಕ್ಕೆ ಹೋಗಿದ್ದೆ. ಶೆಡ್ಡಿನಲ್ಲಿ ಇದ್ದವರು ಅತ್ತೆ ಒಬ್ಬರೇ. ಇಲ್ಲಿ ನಾನು ಅತ್ತೆಯ ಒಂದು ಗುಣದ ಬಗ್ಗೆ ಹೇಳಲೇಬೇಕು, ಏಕೆಂದರೆ ನಿಮ್ಮ ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ.

ನನ್ನ ಅತ್ತೆಗೆ ದೃಷ್ಟಿಯ ಭಯ. ಅವರಿಗೆ ಮಾತ್ರವಲ್ಲ, ಈ ಊರಿನಲ್ಲಿ ಅವರ ವಯಸ್ಸಿನ ಯಾರನ್ನು ಬೇಕಾದರೂ ಕೇಳಿ ನೋಡಿ. ಮಗ ಹೇಗಿದ್ದಾನೆ ಎಂದರೆ, "ಅವನಿಗೆ ಅಲ್ಲಿ ಎಂತ ಉಂಟು, ಬರೀ ಬಿಸಿಲು" ಎನ್ನುತ್ತಾರೆ. ಸೊಸೆ ಹೇಗೆ ಎಂದರೆ, "ಹೇಗೋ ಆಗ್ತದೆ" ಎನ್ನುತ್ತಾರೆ, ಅದು ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ. ಕಂಪೆನಿಯ ಮೇಲ್ವಿಚಾರಕರು ಮರಿಗಳ ತೂಕ ನೋಡಿ ಒಳ್ಳೆಯ ಮಾತಾಡಿದರೆ ಅವರು ಹೋದ ಮೇಲೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಾರೆ. ಶೆಡ್ಡಿನ ಬಾಗಿಲಲ್ಲಿ ಮುಖ ಬರೆದ ಬೂದುಗುಂಬಳ ತೂಗಾಡುತ್ತಿರುವುದನ್ನು ನಿಮ್ಮವರು ನೋಡಿರಬೇಕು. ಇದ್ದದ್ದನ್ನು ಇದೆ ಎನ್ನಬಾರದು, ಬಂದದ್ದನ್ನು ಬಂತು ಎನ್ನಬಾರದು, ಒಳ್ಳೆಯದಾಗುತ್ತಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಇದು ಅವರು ಕಲಿತ ಮರ್ಯಾದೆ.

ಅಂಥವರ ಎದುರು, ಕೈಯಲ್ಲಿ ಟಾರ್ಚು, ಕಾಗದ ಹಿಡಿದ ಅಪರಿಚಿತ ಗಂಡಸರು ಬಂದು ನಿಂತು, "ಕರೆಂಟು ಇಷ್ಟು ಕಡಿಮೆ ಹೇಗೆ ಆಯ್ತು ಅಮ್ಮ?" ಎಂದು ಕೇಳಿದ್ದಾರೆ.

"ಕಡಿಮೆ ಎಲ್ಲಿ ಆಯ್ತು ಸ್ವಾಮಿ? ಮೊದಲಿನ ಹಾಗೆಯೇ ಹೋಗ್ತಾ ಉಂಟು" ಎಂದರು ಅತ್ತೆ.

"ಮೇಲೆ ಇದು ಎಂತ ಕಟ್ಟಿದ್ದು?"

"ಅದಾ? ಎಂತದೂ ಇಲ್ಲ. ಸುಮ್ಮನೆ. ಅದರಿಂದ ಎಂತ ಪ್ರಯೋಜನವೂ ಇಲ್ಲ."

ಮಾನ್ಯರೇ, ಇದರಷ್ಟು ದೊಡ್ಡ ಸುಳ್ಳನ್ನು ನನ್ನ ಅತ್ತೆ ಬದುಕಿನಲ್ಲಿ ಹೇಳಿರಲಿಕ್ಕಿಲ್ಲ. ಅದನ್ನು ಹೇಳಿದ್ದು ಕಳ್ಳತನ ಮುಚ್ಚಲಿಕ್ಕಲ್ಲ, ನಿಮ್ಮವರ ಕಣ್ಣು ಮರಿಗಳ ಮೇಲೆ ಬೀಳದಿರಲಿ ಎಂದು. ನಿಮ್ಮವರು ಅಕ್ಷರ ಬಿಡದೆ ಬರೆದುಕೊಂಡರು. ಬಳಕೆಯಲ್ಲಿ ಇಳಿಕೆಯಾಗಿಲ್ಲ, ಮೇಲಿನ ರಚನೆಯಿಂದ ಪ್ರಯೋಜನವಿಲ್ಲ ಎಂದು ಮನೆಯ ಹಿರಿಯ ಸದಸ್ಯೆಯೇ ಒಪ್ಪಿದ್ದಾರೆ. ಪ್ರಯೋಜನವಿಲ್ಲದ ರಚನೆಯನ್ನು ಯಾರು ಯಾಕೆ ಕಟ್ಟುತ್ತಾರೆ? ಏನನ್ನೋ ಅಡಗಿಸಲಿಕ್ಕೆ. ತರ್ಕ ಚೆನ್ನಾಗಿದೆ, ನಾನು ನಿಮ್ಮ ತಂಡದಲ್ಲಿದ್ದರೂ ಹೀಗೆಯೇ ಯೋಚಿಸುತ್ತಿದ್ದೆನೋ ಏನೋ.

ಮೈನ್ ಆಫ್ ಮಾಡಿದರು. ಆಫ್ ಆದ ಮೇಲೂ ಎಲ್ಲಾದರೂ ಬಲ್ಬು ಉರಿಯುತ್ತಿದೆಯೇ ಎಂದು ಹುಡುಕಿದರು. ಒಂದೂ ಉರಿಯಲಿಲ್ಲ. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಕಂಬದಿಂದ ಬರುವ ತಂತಿ ಮಾಡಿನ ಹತ್ತಿರವೇ ಹಾದು ಹೋಗುತ್ತದೆ, ಮುಚ್ಚಿಗೆಯ ಮೇಲೆ ಕಳ್ಳ ವಯರು ಇರಬಹುದು ಎಂಬ ಸಂಶಯ ಬಂತು. ಬದಿಯ ಟರ್ಪಾಲು ಎತ್ತಿ ಕಟ್ಟಿದರು. ಏಣಿ ಇಟ್ಟು ನಡುವಿನ ಒಂದು ಭಾಗದ ಸಲಾಕೆ ಕಡಿದು, ಹಾಳೆ ಸೀಳಿ, ಚೀಲಗಳನ್ನು ಕೆಳಗೆ ಎಳೆದರು. ಉಮಿ ಸುರಿಯಿತು. ವಯರು ಬೀಳಲಿಲ್ಲ. ಬಿದ್ದದ್ದು ಅತ್ತೆ ಹೊಲಿದ ಚೀಲಗಳು, ಅವುಗಳ ಜೊತೆ ಒಂದು ಹಲ್ಲಿ.

ಗಾಳಿ, ಎರಚಲು, ಮೇಲೆ ತೂತು, ಬಲ್ಬು ಆರಿದೆ. ಮೂರ್ನಾಲ್ಕು ದಿನದ ಮರಿ ಅಂಥ ಹೊತ್ತಿಗೆ ಮಾಡುವುದು ಒಂದೇ, ಇನ್ನೊಂದು ಮರಿಯ ಕೆಳಗೆ ತೂರಿಕೊಳ್ಳುವುದು. ಮೂಲೆಯಲ್ಲಿ ರಾಶಿ ಬೀಳತೊಡಗಿದವು. ಕೈ ಹಾಕಿ ಬಿಡಿಸದಿದ್ದರೆ ಅಡಿಯಲ್ಲಿದ್ದದ್ದು ಉಸಿರು ಕಟ್ಟಿ ಸಾಯುತ್ತದೆ. ಅತ್ತೆ ಒಳಗೆ ನುಗ್ಗಲು ಹೋದರೆ ನಿಮ್ಮವರೊಬ್ಬರು, "ಅಮ್ಮ, ಒಳಗೆ ಹೋಗಬೇಡಿ, ಪರಿಶೀಲನೆ ಆಗ್ತಾ ಉಂಟು" ಎಂದು ತಡೆದರು. ಅವರು ಒರಟಾಗಿ ಹೇಳಲಿಲ್ಲ ಎಂದು ಅತ್ತೆಯೇ ಹೇಳುತ್ತಾರೆ. ಜಗಲಿಯಲ್ಲಿ ಕೂತು ನಿಧಾನವಾಗಿ ಮಹಜರು ಬರೆದು ಮುಗಿಸಿದ ಮೇಲೆ ಮೈನ್ ಆನ್ ಮಾಡಿದರು. ತೂತಿನ ಅಂಚಿಗೆ ಟೇಪು ಸುತ್ತಿ, ವಿಚಾರಣೆ ಮುಗಿಯುವ ತನಕ ಇದನ್ನು ಹೀಗೆಯೇ ಇಡತಕ್ಕದ್ದು ಎಂದು ಒಂದು ಕಾಗದ ಅಂಟಿಸಿ ಹೋದರು.

ನಾನು ಬಂದಾಗ ಅತ್ತೆ ಮೂಲೆಯಲ್ಲಿ ಕೂತು ಸತ್ತ ಮರಿಗಳನ್ನು ಬುಟ್ಟಿಗೆ ಹಾಕುತ್ತಿದ್ದರು. ಬುಟ್ಟಿ ತುಂಬಿತ್ತು. ನನ್ನನ್ನು ನೋಡಿ, "ನಾನು ಎಂತ ಇಲ್ಲ ಅಂತ ಹೇಳಿದೆ ಭವ್ಯಾ. ಎಂತ ಇಲ್ಲ ಅಂತಲೇ ಹೇಳಿದೆ. ಆದರೂ ದೃಷ್ಟಿ ತಾಗಿತು" ಎಂದರು. ನಿಮ್ಮ ಮೇಲೆ ಸಿಟ್ಟು ಬಂತು, ಅವರ ಮೇಲೂ ಬಂತು, ಎರಡೂ ಸೇರಿ ಅಳು ಬಂತು. ಇಬ್ಬರೂ ಸೇರಿ ತೆಂಗಿನ ಬುಡದಲ್ಲಿ ಹೊಂಡ ತೆಗೆದು ಹೂತೆವು.

ಆಮೇಲೆ ನೀವು ಮೀಟರನ್ನು ಪರೀಕ್ಷೆಗೆ ಕಳುಹಿಸಿದಿರಿ. ಸರಿಯಾಗಿದೆ ಎಂದು ವರದಿ ಬಂತು. ಕಂಬ ನೋಡಿದಿರಿ, ಸರಿಯಾಗಿದೆ. ಸರ್ವಿಸ್ ವಯರು ಉದ್ದಕ್ಕೂ ನೋಡಿದಿರಿ, ಎಲ್ಲಿಯೂ ಗಾಯವಿಲ್ಲ. ಕದ್ದಿಲ್ಲವೆಂದು ನಿಮಗೇ ಖಾತ್ರಿಯಾಯಿತು. ಹಾಗಾದರೆ ಕಡತ ಮುಚ್ಚಬಹುದಲ್ಲ ಎಂದು ಕೇಳಲು ಕಳೆದ ವಾರ ನಿಮ್ಮ ಕೋಣೆಗೆ ಬಂದಿದ್ದೆ. ನೆನಪಿದೆಯೇ? ನಾನು ಬಾಗಿಲಲ್ಲಿ ನಿಂತು, ಬರಬಹುದೇ ಎಂದು ಕೇಳುತ್ತಿದ್ದ ಹಾಗೆ ನೀವು ಹೇಳಿದ ಮೊದಲ ಮಾತು, "ಬನ್ನಿ, ಬಾಗಿಲು ಹಾಕಿ ಬನ್ನಿ, ತಂಪು ಹೊರಗೆ ಹೋಗ್ತದೆ."

ಸ್ವಾಮಿ, ಅಲ್ಲಿಗೇ ವಿಚಾರಣೆ ಮುಗಿಯಬೇಕಿತ್ತು. ನಾನು ಚೀಲದಲ್ಲಿ ಹೊತ್ತು ತಂದಿದ್ದ ಫೋಟೋ, ವಿವರಣೆ, ಕರಪತ್ರ ಎಲ್ಲವೂ ಹೇಳುತ್ತಿದ್ದದ್ದು ಆ ಒಂದೇ ಮಾತನ್ನು. ನಿಮ್ಮ ಕೋಣೆಯ ತಂಪು ಬಾಗಿಲ ಸಂದಿನಲ್ಲಿ ಹೊರಗೆ ಹೋಗುತ್ತದೆಂದು ನಿಮಗೆ ಗೊತ್ತು. ನಮ್ಮ ಶೆಡ್ಡಿನ ಬಿಸಿ ಬರಿಯ ತಗಡಿನಲ್ಲಿ ಹೊರಗೆ ಹೋಗುತ್ತದೆಂದರೆ ನಂಬಿಕೆ ಬರುವುದಿಲ್ಲ. ತಂಪು ಹೊರಗೆ ಹೋಗುವ ನಿಯಮ ಅಧಿಕಾರಿಗಳ ಕೋಣೆಗೆ ಮಾತ್ರ ಅನ್ವಯಿಸುವುದೇ? ಕೋಳಿಗಳಿಗೆ ಬೇರೆ ವಿಜ್ಞಾನ ಇದೆಯೇ?

"ನೋಡಿಯಮ್ಮ, ನೀವು ಹೇಳುವುದು ಸರಿ ಇರಬಹುದು" ಎಂದಿರಿ ನೀವು. "ಆದರೆ ಇಳಿದದ್ದಕ್ಕೆ ಫೈಲಿಗೆ ಒಂದು ಕಾರಣ ಬೇಕಲ್ಲ."

"ಕಾರಣ ಮುಚ್ಚಿಗೆ ಸರ್."

"ಅದರಿಂದ ಎಂತ ಪ್ರಯೋಜನ ಇಲ್ಲ ಅಂತ ನಿಮ್ಮ ಅತ್ತೆಯೇ ಹೇಳಿದ್ದಾರಲ್ಲ."

"ಅದು ದೃಷ್ಟಿ ತಾಗದ ಹಾಗೆ ಹೇಳಿದ್ದು ಸರ್."

ನೀವು ನಕ್ಕಿರಿ. ಕೆಟ್ಟ ನಗೆಯಲ್ಲ, ಮನೆಯಲ್ಲಿ ನಿಮಗೂ ಅಂಥ ಹಿರಿಯರು ಇರಬೇಕು. "ದೃಷ್ಟಿ ಅಂತ ಫೈಲಿನಲ್ಲಿ ಬರೆಯಲಿಕ್ಕೆ ಆಗ್ತದಾ?" ಎಂದಿರಿ. ಸ್ವಲ್ಪ ಯೋಚಿಸಿ, ನನಗೆ ಉಪಕಾರ ಮಾಡುವವರ ಹಾಗೆ ಮುಂದಕ್ಕೆ ಬಾಗಿ, "ಒಂದು ಕೆಲಸ ಮಾಡಿ. ಅದನ್ನು ತೆಗೆಯಿರಿ. ಯೂನಿಟ್ ಏರಿದರೆ ನೀವು ಹೇಳಿದ್ದು ಸರಿ ಅಂತ ಆಯ್ತು. ಪುನಃ ಹಾಕಿಕೊಳ್ಳಿ" ಎಂದಿರಿ.

ಎಷ್ಟು ಸರಳ. ಜ್ವರಕ್ಕೆ ಮದ್ದು ತಿಂದು ಗುಣವಾದವನಿಗೆ, ಮದ್ದಿನಿಂದಲೇ ಗುಣವಾದದ್ದೆಂದು ತೋರಿಸಲು ಇನ್ನೊಮ್ಮೆ ಜ್ವರ ಬರಿಸಿಕೊಂಡು ಬಾ ಎಂದ ಹಾಗೆ. ಆ ಜ್ವರ ಬರುವುದಾದರೂ ಯಾರಿಗೆ? ನಿಮಗಲ್ಲ, ನನಗೂ ಅಲ್ಲ. ಮುಚ್ಚಿಗೆ ಎನ್ನುವುದು ಅಂಗಿಯಲ್ಲ, ತೆಗೆದು ಗೂಟಕ್ಕೆ ಹಾಕಿ ಮತ್ತೆ ತೊಡಲಿಕ್ಕೆ. ಹಾಳೆ ಒಮ್ಮೆ ಸಲಾಕೆಗೆ ಕೂತ ಮೇಲೆ ಬಿಚ್ಚಿದರೆ ಸೀಳುತ್ತದೆ, ಚೀಲ ಎಳೆದರೆ ಹರಿಯುತ್ತದೆ. ಕೆಳಗೆ ಈಗ ಮತ್ತೊಂದು ತಂಡದ ಮರಿಗಳು ಬಂದಿವೆ, ಹೊರಗೆ ಆಟಿ ತಿಂಗಳ ಬಿಡದೆ ಸುರಿಯುವ ಮಳೆ. ಉಳಿಸಿದ ಕರೆಂಟನ್ನು ಮತ್ತೆ ಸುಟ್ಟು, ಉಳಿದ ಇದ್ದಲನ್ನು ಮತ್ತೆ ಹೊತ್ತಿಸಿ, ಅತ್ತೆಯ ಎದೆಗೆ ಮತ್ತೆ ಹೊಗೆ ತುಂಬಿಸಿ, ಎಲ್ಲವೂ ಮೊದಲಿನಷ್ಟೇ ಕೆಟ್ಟದಾಗಿದೆ ಎಂದು ಸಾಬೀತು ಮಾಡಿದ ಮೇಲೆ ನಿಮ್ಮಿಂದ ಪ್ರಾಮಾಣಿಕತೆಯ ಪತ್ರ ಸಿಗುತ್ತದೆ. ನೀವು ಆ ಮಾತು ಹೇಳುವಾಗ ನಿಮ್ಮ ತಲೆಯ ಹಿಂದಿನ ಗೋಡೆಯಲ್ಲಿ, ವಿದ್ಯುತ್ ಉಳಿಸುವುದು ನಮ್ಮೆಲ್ಲರ ಕರ್ತವ್ಯ ಎಂಬ ಫಲಕವಿತ್ತು. ಅದು ನಿಮ್ಮ ಬೆನ್ನಿಗಿದೆ, ಹಾಗಾಗಿ ದಿನವೂ ಓದುವುದು ನಾವು.

ಈ ಸುದ್ದಿ ಊರಿಗೆಲ್ಲ ಗೊತ್ತಾಗಿದೆ. ಬದಿಯಡ್ಕದ ಆಚೆ ಕೋಳಿ ಸಾಕುವ ಶರತ್ಚಂದ್ರ ಎಂಬವರು ನಮ್ಮಲ್ಲಿ ಬಂದು ಅಳತೆ ತೆಗೆದುಕೊಂಡು ಹೋಗಿ, ಹಾಳೆಯನ್ನೂ ಒಟ್ಟು ಮಾಡಿದ್ದರು. ಮೊನ್ನೆ ಪೇಟೆಯಲ್ಲಿ ಸಿಕ್ಕಿದವರು ಮುಖ ಬೇರೆ ಕಡೆ ತಿರುಗಿಸಿ, "ಆ ಹಾಳೆಯನ್ನು ದನದ ಕೊಟ್ಟಿಗೆಗೆ ಹಾಸಿದೆ ಅಕ್ಕ. ಸುಮ್ಮನೆ ಕೇಸು ಮಾಡಿಕೊಳ್ಳುವುದು ಯಾಕೆ? ಕರೆಂಟು ಜಾಸ್ತಿ ಉರಿದರೆ ಉರಿಯಲಿ" ಎಂದರು. ಎಷ್ಟು ಕರಪತ್ರ ಹಂಚಿದರೂ ಕಲಿಸಲಾಗದ್ದನ್ನು ನೀವು ಒಂದೇ ಆದೇಶದಲ್ಲಿ ಕಲಿಸಿದ್ದೀರಿ. ವ್ಯರ್ಥ ಮಾಡುವವನಿಗೆ ಬಿಲ್ಲು ಮಾತ್ರ ಬರುತ್ತದೆ, ಉಳಿಸುವವನಿಗೆ ಜೀಪು ಬರುತ್ತದೆ. ಶರತ್ಚಂದ್ರರೇ ನನಗೊಂದು ಉಪಾಯವನ್ನೂ ಹೇಳಿಕೊಟ್ಟರು. "ಬಿಚ್ಚಲಿಕ್ಕೆ ಹೋಗಬೇಡಿ. ನಾಲ್ಕು ಬಲ್ಬು ಸುಮ್ಮನೆ ಉರಿಸಿ ಇಡಿ. ಯೂನಿಟ್ ಏರಿದರೆ ಆಯ್ತಲ್ಲ, ಅವರಿಗೂ ಸಮಾಧಾನ."

ನಾನು ಮನೆಗೆ ಬಂದು ಅದನ್ನು ತಮಾಷೆಯ ಮಾತೆಂದು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಆಹಾರದ ಚೀಲ ಇಡುವ ಕೋಣೆಯಲ್ಲಿ ಬಲ್ಬು ಉರಿಯುತ್ತಿದೆ. ಶೆಡ್ಡಿನ ಹೊರಗಿನ ದೀಪಗಳು ಹಗಲು ಬೆಳಕಿನಲ್ಲಿ ಉರಿಯುತ್ತಿವೆ. ಯಾರೂ ಇಲ್ಲದ ಕಡೆ ಫ್ಯಾನು ತಿರುಗುತ್ತಿದೆ. ಟಾಂಕಿ ತುಂಬಿ ನೀರು ಮಳೆಯ ನೀರಿಗೇ ಸೇರುತ್ತಿದೆ, ಪಂಪು ಓಡುತ್ತಲೇ ಇದೆ. ನಾನು ಒಂದೊಂದಾಗಿ ಆರಿಸುತ್ತಾ ಬಂದೆ. ಅತ್ತೆ ಹಿಂದಿನಿಂದ ಬಂದು ಮತ್ತೆ ಹಾಕಿದರು. ಜಗಳವಾಡಿದೆ. "ನನ್ನ ಮಾತಿನಿಂದ ಆದದ್ದು, ನಾನೇ ಸರಿ ಮಾಡ್ತೇನೆ. ಮೀಟರು ಏರಲಿ ಭವ್ಯಾ. ಏರಿದರೆ ಅವರು ಮುಚ್ಚಿಗೆಗೆ ಕೈ ಹಾಕುವುದಿಲ್ಲ" ಎಂದರು.

ಇದನ್ನು ಹೇಳುತ್ತಿರುವವರು ಒಂದು ಕಡ್ಡಿಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಉಳಿಸುವ ಹೆಂಗಸು. ಕೋಣೆಯಿಂದ ಕೋಣೆಗೆ ಹೋಗುವಾಗ ಸ್ವಿಚ್ಚು ಆರಿಸದ ಮಗನಿಗೆ ಈಗಲೂ ಫೋನಿನಲ್ಲಿ ಬೈಯುವವರು. ಅವರು ಹಗಲು ಹೊತ್ತಿನಲ್ಲಿ ಬಲ್ಬು ಹಾಕಿ, ಅದರ ಕೆಳಗೆ ಸ್ಟೂಲಿನ ಮೇಲೆ ಕಾವಲು ಕೂರುತ್ತಾರೆ. ಆ ಬೆಳಕನ್ನು ನೋಡುವುದಕ್ಕೂ ಅವರಿಗೆ ಆಗುವುದಿಲ್ಲ, ತಲೆ ಬಗ್ಗಿಸಿ ಕೂತಿರುತ್ತಾರೆ. ನಾನು ಏನು ಹೇಳಿದರೂ ಕೇಳುವುದಿಲ್ಲ. ಪ್ರವೀತ್ ಶಾರ್ಜಾದಿಂದ ಗೋಗರೆದರೂ ಕೇಳಲಿಲ್ಲ. ಊಟಕ್ಕೆ ಕರೆದರೆ, ಹಸಿವಿಲ್ಲ ಎನ್ನುತ್ತಾರೆ. ಬುಟ್ಟಿ ಹಿಡಿದು ಕೂತಿದ್ದ ಆ ದಿನದಿಂದ ಅವರು ಮರಿಗಳ ಹತ್ತಿರ ಹೋಗಿಲ್ಲ, ತಮ್ಮ ಕಣ್ಣೇ ತಾಗುತ್ತದೆಂದು ಈಗ ಅವರಿಗೆ ಭಯ. ಮಾನ್ಯರೇ, ನನಗೆ ಇದನ್ನು ನೋಡಲು ಆಗುತ್ತಿಲ್ಲ. ಮರಿಗಳ ನಷ್ಟವನ್ನು ನಾನು ಹೇಗೋ ನುಂಗಿಕೊಳ್ಳುತ್ತೇನೆ, ಇದನ್ನು ನುಂಗಿಕೊಳ್ಳಲಾರೆ.

ಆದ್ದರಿಂದ ನನ್ನ ಬೇಡಿಕೆ ಬರೆಯುತ್ತೇನೆ. ಪರಿಹಾರ ಕೇಳುತ್ತಿಲ್ಲ. ಸೋಮವಾರದ ಒಳಗೆ ನೀವೇ ಬನ್ನಿ. ತಂಡವನ್ನು ಕಳುಹಿಸಬೇಡಿ, ನೀವು ಬನ್ನಿ. ಮಳೆ ಬರುವ ಹೊತ್ತಿಗೇ ಬನ್ನಿ, ಈ ದಿನಗಳಲ್ಲಿ ಅದೇನೂ ಕಷ್ಟವಲ್ಲ. ನಿಮ್ಮವರು ಕಡಿದ ತೂತು ಹಾಗೆಯೇ ಇದೆ, ಟೇಪು ಇದೆ, ಕಾಗದ ಒದ್ದೆಯಾಗಿ ಅಕ್ಷರ ಹರಡಿದೆ, ಆದರೂ ನಾವು ಮುಟ್ಟಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ನೆಲ ನೋಡಿ. ಶೆಡ್ಡಿನ ತುಂಬ ಮರಿಗಳು ಹರಡಿಕೊಂಡಿವೆ, ಆ ತೂತಿನ ಕೆಳಗೆ ಮಾತ್ರ ಒಂದೂ ಇಲ್ಲ. ಅಲ್ಲಿ ಒಂದು ಕೋಣೆಯಷ್ಟು ನೆಲ ಖಾಲಿ ಬಿದ್ದಿದೆ. ನಾವು ಬೇಲಿ ಹಾಕಿಲ್ಲ, ಓಡಿಸಿಲ್ಲ. ಅಲ್ಲಿ ಆಹಾರ ಇಟ್ಟರೆ ಬಂದು ಕುಕ್ಕಿ ಓಡಿ ಹೋಗುತ್ತವೆ. ಮುಚ್ಚಿಗೆಯಿಂದ ಪ್ರಯೋಜನ ಇದೆಯೋ ಇಲ್ಲವೋ ಎಂದು ಅವುಗಳನ್ನು ಕೇಳಿ ಬರೆದುಕೊಳ್ಳಿ. ಅವುಗಳಿಗೆ ದೃಷ್ಟಿಯ ಭಯ ಇಲ್ಲ. ಅಷ್ಟು ನೋಡಿದ ಮೇಲೂ ಬಿಚ್ಚಲೇಬೇಕು ಎನಿಸಿದರೆ ಏಣಿ ಅಲ್ಲೇ ಇದೆ, ನೀವೇ ಹತ್ತಿ ಬಿಚ್ಚಿ. ನಾನು ಬಿಚ್ಚುವುದಿಲ್ಲ.

ಬಿಚ್ಚುವುದು ಬೇಡ ಎನಿಸಿದರೆ, ಕಾಗದದಲ್ಲಿ ಏನು ಬೇಕಾದರೂ ಬರೆದುಕೊಳ್ಳಿ, ಆದರೆ ಹೋಗುವ ಮೊದಲು ಆಹಾರದ ಕೋಣೆಗೆ ಬನ್ನಿ. ಅಲ್ಲಿ ಸ್ಟೂಲಿನ ಮೇಲೆ ಕೂತಿರುವ ಹೆಂಗಸಿನ ಹತ್ತಿರ ನಿಂತು, "ಅಮ್ಮ, ಆ ಲೈಟು ಆರಿಸಿ, ನೀವು ತಪ್ಪು ಮಾಡಿಲ್ಲ" ಎಂದು ಒಂದು ಮಾತು ಹೇಳಿ. ನಾನು ಹೇಳಿದರೆ ಅವರು ನಂಬುವುದಿಲ್ಲ. ಕೈಯಲ್ಲಿ ಕಾಗದ ಹಿಡಿದು ಬಂದವರು ಹೇಳಿದರೆ ನಂಬಿಯಾರು. ಹೇಳುವಾಗ ಮುಚ್ಚಿಗೆಯನ್ನು ಮಾತ್ರ ಜೋರಾಗಿ ಹೊಗಳಬೇಡಿ.

ಇಂತಿ,
ಈ ಪತ್ರ ಇಲ್ಲಿಗೆ ನಿಲ್ಲಿಸಿ ಮತ್ತೊಮ್ಮೆ ಲೈಟು ಆರಿಸಲು ಎದ್ದಿರುವ,
ಕಡಿಮೆ ಕರೆಂಟು ಉರಿಸಿದ ಆರೋಪಿ,
ಭವ್ಯಶ್ರೀ
ಸೀತಾಂಗೋಳಿ